ಓದುಗರ ಪ್ರಶ್ನೆ, ವೈದ್ಯರ ಉತ್ತರ: ಗದ್ದೆ ಹೋಯಿತು, ಅನ್ನ ಉಳಿಯಿತು

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನವು, ಅವುಗಳಲ್ಲಿಯೂ ನಲವತ್ತು ದಾಟಿದ ಹೆಂಗಸರು ಬರೆದವು ಅಥವಾ ಅವರ ಪರವಾಗಿ ಮಕ್ಕಳು ಬರೆದವು. ವಿಷಯ ಒಂದೇ: ಏರುತ್ತಿರುವ ಮೈತೂಕ. ಬರೆದವರ ಹೆಸರು ಮತ್ತು ಊರನ್ನು ಬಿಟ್ಟು, ಪ್ರಶ್ನೆಗಳನ್ನು ಅಗತ್ಯವಿದ್ದಷ್ಟು ಸಂಕ್ಷೇಪಿಸಿ ಕೊಟ್ಟಿದ್ದೇನೆ. ನಾನೂ ಈ ಜಿಲ್ಲೆಯಲ್ಲಿಯೇ ಬಹುಕಾಲ ಹೊರರೋಗಿಗಳನ್ನು ನೋಡಿದವಳು. ಆದ್ದರಿಂದ ಕೆಲವು ಉತ್ತರಗಳು ಉದ್ದವಾಗಿದ್ದರೆ ಓದುಗರು ಸಹಿಸಿಕೊಳ್ಳಬೇಕು.

ಪ್ರಶ್ನೆ: ನನಗೆ 47 ವರ್ಷ. ಪೊನ್ನಂಪೇಟೆ ಕಡೆಯ ಹಳ್ಳಿಯಲ್ಲಿ ನಮಗೆ ಸಣ್ಣ ಕಾಫಿ ತೋಟವಿದೆ. ಹತ್ತು ವರ್ಷಗಳಲ್ಲಿ 14 ಕಿಲೋ ಏರಿದ್ದೇನೆ. ನನ್ನ ಅಮ್ಮ ಜೀವನಪೂರ್ತಿ ಬೆಳಿಗ್ಗೆ ಅಕ್ಕಿ ಒಟ್ಟಿ (ರೊಟ್ಟಿ), ಮಧ್ಯಾಹ್ನ ಅನ್ನ, ರಾತ್ರಿ ಅನ್ನ ಉಂಡವರು. ಹಬ್ಬಕ್ಕೆ ಕಡಂಬಿಟ್ಟು, ಹಂದಿ ಮಾಂಸ ಬಿಟ್ಟವರಲ್ಲ. ಎಪ್ಪತ್ತರಲ್ಲಿಯೂ ಕಡ್ಡಿಯಂತಿದ್ದರು. ನಾನು ಅವರಿಗಿಂತ ಕಡಿಮೆ ಉಣ್ಣುತ್ತೇನೆ. ಆದರೂ ಹೋದಲ್ಲೆಲ್ಲ ‘ಬಾಯಿ ಕಟ್ಟಿ’ ಎಂಬ ಉಪದೇಶ. ನನ್ನ ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಬಾಯಿಗಿಂತ ಮೊದಲು ನಿಮ್ಮ ಗದ್ದೆಯನ್ನು ನೋಡಬೇಕು ಎಂದರೆ ನಗಬೇಡಿ. ಅಮ್ಮನ ವರ್ಷವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಮಳೆ ಹಿಡಿದೊಡನೆ ಸಸಿ ಕೀಳುವುದು, ನಾಟಿ, ಮೊಣಕಾಲು ಹೂಳುವ ಕೆಸರಿನಲ್ಲಿ ದಿನವಿಡೀ ಬಗ್ಗಿದ ಬೆನ್ನು. ಸುಗ್ಗಿ ಹಬ್ಬವಾದ ಪುತ್ತರಿ ಕಳೆದ ಮೇಲೆ ಕೊಯ್ಲು, ಹೊರೆ ಹೊರುವುದು, ಬಡಿಯುವುದು, ತೂರುವುದು. ಅದು ಮುಗಿಯುವಷ್ಟರಲ್ಲಿ ಕಾಫಿ ಮತ್ತು ಕರಿಮೆಣಸು. ಇವುಗಳ ನಡುವಿನ ಸಂದುಗಳಲ್ಲಿ ಕೊಟ್ಟಿಗೆಯ ಸಗಣಿ, ಹಂದಿಗೆ ಬೇಯಿಸಬೇಕಾದ ಕೆಸ, ಬಾವಿಯ ನೀರು, ಸೌದೆಯ ಹೊರೆ, ಒನಕೆ, ರುಬ್ಬುವ ಕಲ್ಲು. ಮೂರು ಹೊತ್ತಿನ ಅನ್ನ ಆ ದುಡಿಮೆಗೆ ಅಳತೆ ತೆಗೆದು ಹೊಲಿದ ರವಿಕೆಯಂತೆ ಕೂಡಿಕೊಂಡಿತ್ತು. ಈಗ ಆ ಗದ್ದೆ ಏನಾಗಿದೆ? ಆನೆಯ ಕಾಟಕ್ಕೋ, ಕೂಲಿಗೆ ಜನ ಸಿಗದೆಯೋ, ಭತ್ತದ ಲೆಕ್ಕ ಗಿಟ್ಟದೆಯೋ ಪಾಳು ಬಿದ್ದಿರಬಹುದು. ಇಲ್ಲವೇ ಶುಂಠಿಗೆ ಗುತ್ತಿಗೆ ಹೋಗಿರಬಹುದು. ಕಾಫಿ ಕೊಯ್ಯಲು ಅಸ್ಸಾಂ, ಬಂಗಾಳದ ಕಡೆಯಿಂದ ಜನ ಬರುತ್ತಾರೆ. ನೀವು ತೂಕದ ಕೊಂಡಿಯ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತು ಅವರ ಕಿಲೋಗಳನ್ನು ಬರೆದುಕೊಳ್ಳುತ್ತೀರಿ, ಒಳಗೆ ಹೋಗಿ ಅವರಿಗೆ ಚಹಾ ಕುದಿಸುತ್ತೀರಿ. ನಿಮ್ಮ ಕೆಲಸ ಕಡಿಮೆಯಾಗಿಲ್ಲ, ಕೆಲಸದ ಜಾತಿಯೇ ಬದಲಾಗಿದೆ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗ್ಯಾಸ್, ಮಿಕ್ಸಿ, ನಲ್ಲಿ, ಬಟ್ಟೆ ಒಗೆಯುವ ಯಂತ್ರ ಬಂದದ್ದು ಒಳ್ಳೆಯದೇ. ಒನಕೆಯ ಕಾಲವೇ ಚೆನ್ನಾಗಿತ್ತು ಎನ್ನುವವರು ಸಾಮಾನ್ಯವಾಗಿ ಒನಕೆ ಹಿಡಿದವರಾಗಿರುವುದಿಲ್ಲ. ಹೊಗೆಗೆ ಕೆಮ್ಮಿ, ಹೊರೆಗೆ ಗರ್ಭಕೋಶ ಜಾರಿ ಬಂದ ಹೆಂಗಸರನ್ನು ನಾನು ಸಾಕಷ್ಟು ನೋಡಿದ್ದೇನೆ. ಆದರೆ ಯಂತ್ರ ಕಸಿದುಕೊಂಡದ್ದು ಮೈ ಬೆವರುವ ಕೆಲಸವನ್ನು ಮಾತ್ರ. ಕಾಯುವ, ಬಡಿಸುವ, ತೊಳೆಯುವ, ಒಲೆಯ ಮುಂದೆ ನಿಂತೇ ಇರುವ ಕೆಲಸ ಹಾಗೆಯೇ ಉಳಿಯಿತು. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅಂದರೆ ಐದು ಗಂಟೆ ಮನೆಗೆ ಹೋಗುತ್ತದೆ, ಆದರೆ ಆ ಐದು ಗಂಟೆಯಲ್ಲಿ ಹೃದಯ ಒಮ್ಮೆಯೂ ಜೋರಾಗಿ ಬಡಿದುಕೊಳ್ಳುವುದಿಲ್ಲ. ದಣಿವು ಇದೆ, ವ್ಯಾಯಾಮ ಇಲ್ಲ. ‘ಇಡೀ ದಿನ ಕಾಲ ಮೇಲೇ ಇರುತ್ತೇನೆ ಡಾಕ್ಟರೇ’ ಎಂಬ ಮಾತೂ ನಿಜ, ತೂಕ ಏರುವುದೂ ನಿಜ.

ಇನ್ನು ತಟ್ಟೆಯ ವಿಚಾರ. ಅನ್ನ ಅದೇ ಇರಬಹುದು, ಆದರೆ ಅದರ ನೆಂಟರು ಬದಲಾಗಿದ್ದಾರೆ. ಅಮ್ಮನ ಕಾಲದ ಕಕ್ಕಡದಲ್ಲಿ, ಅಂದರೆ ಜೋರು ಮಳೆಯ ಆ ತಿಂಗಳಲ್ಲಿ, ಅನ್ನದ ಪಕ್ಕ ಏನಿತ್ತೆಂದು ನೋಡಿ: ಕೆಸದೆಲೆ, ಕಣಿಲೆ (ಎಳೆ ಬಿದಿರು), ಅಣಬೆ, ತೋಡಿನ ಬದಿಯ ತೆರ್ಮೆ ಸೊಪ್ಪು, ಗದ್ದೆಯ ಏಡಿ, ಕೊಲ್ಲಿಯ ಸಣ್ಣ ಮೀನು. ಇವೆಲ್ಲ ದುಡ್ಡಿಲ್ಲದೆ ಸಿಗುತ್ತಿದ್ದ ನಾರು ಮತ್ತು ಪ್ರೋಟೀನು. ತೋಟಕ್ಕೆ ಕಳೆನಾಶಕ ಹೊಡೆಯಲು ಆರಂಭಿಸಿದ ಮೇಲೆ ಸೊಪ್ಪು ಹಿಂದೆ ಸರಿಯಿತು, ಗದ್ದೆಯೇ ಇಲ್ಲವಾದ ಮೇಲೆ ಏಡಿ ಎಲ್ಲಿಂದ ಬರಬೇಕು? ವಾರಕ್ಕೊಮ್ಮೆ ಸಂತೆಯಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆಯ ತರಕಾರಿ ಸಿಗುತ್ತದೆ. ಮೊದಲ ಮೂರು ದಿನಕ್ಕೆ ಅದು ಮುಗಿಯುತ್ತದೆ. ಉಳಿದ ದಿನಗಳಲ್ಲಿ ಬಟಾಟೆ, ಹಪ್ಪಳ, ಉಪ್ಪಿನಕಾಯಿ. ಮಳೆಗಾಲದಲ್ಲಿ ಸಂತೆಗೇ ಹೋಗಲಾಗದಿದ್ದರೆ ಬೇಕರಿಯ ಬನ್, ರಸ್ಕ್, ಖಾರದ ಮಿಕ್ಸ್ಚರ್. ನಮ್ಮಲ್ಲಿ ಹಂದಿ ಮಾಂಸಕ್ಕೆ ಬಂದಿರುವ ಕೆಟ್ಟ ಹೆಸರಿನಲ್ಲಿ ಅರ್ಧದಷ್ಟನ್ನಾದರೂ ಬೇಕರಿಯ ಗಾಜಿನ ಡಬ್ಬಿಗಳಿಗೆ ಹಂಚಿದರೆ ನ್ಯಾಯವಾದೀತು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಹಂದಿ ಹಬ್ಬಕ್ಕೆ ಬರುತ್ತದೆ, ಬನ್ ದಿನವೂ ಬರುತ್ತದೆ.

ಎಣ್ಣೆಯ ಲೆಕ್ಕವನ್ನು ನೀವೇ ಮಾಡಬಹುದು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 5 ಲೀಟರ್ ಖರ್ಚಾದರೆ ತಲೆಗೆ ದಿನಕ್ಕೆ 38 ಗ್ರಾಂ ಬೀಳುತ್ತದೆ. ಬೆವರು ಸುರಿಸದ ಮೈಗೆ 20ರಿಂದ 25 ಗ್ರಾಂ ಸಾಕು. ಚಹಾದ ಲೆಕ್ಕ ಇದಕ್ಕಿಂತ ಸುಲಭ. ಕೊಯ್ಲಿನ ದಿನಗಳಲ್ಲಿ ಆಳುಗಳ ಜೊತೆಗೆ, ನೆಂಟರ ಜೊತೆಗೆ ಆರು ಲೋಟ ಕುಡಿದರೆ, ಲೋಟಕ್ಕೆ ಎರಡು ಚಮಚದಂತೆ 60 ಗ್ರಾಂ ಸಕ್ಕರೆ, 240 ಕ್ಯಾಲರಿ. ನೀವು ಲೆಕ್ಕಕ್ಕೆ ಹಿಡಿಯದ ಎರಡು ಒಟ್ಟಿ ಅಲ್ಲಿವೆ.

ನಾನೂ ವರ್ಷಗಟ್ಟಲೆ ‘ಬಾಯಿ ಕಟ್ಟಿ’ ಎಂದೇ ಹೇಳುತ್ತಿದ್ದೆ. ಒಂದು ದಿನ ನಿಮ್ಮ ವಯಸ್ಸಿನ ಒಬ್ಬರು ನನ್ನ ಮೇಜಿನ ಮೇಲೆ ಕೈಯೂರಿ ತಮ್ಮ ದಿನವನ್ನು ಒಪ್ಪಿಸಿದರು. ಬೆಳಿಗ್ಗೆ ಐದಕ್ಕೆ ಕಪ್ಪು ಕಾಫಿ. ಎಲ್ಲರ ತಿಂಡಿ ಆದ ಮೇಲೆ ಹತ್ತೂವರೆಗೆ ತಣ್ಣಗಾದ ಒಟ್ಟಿ. ಯಜಮಾನರು ಪೇಟೆಯಿಂದ ಬರುವುದು ತಡವಾದ್ದರಿಂದ ಮಧ್ಯಾಹ್ನದ ಊಟ ಮೂರೂವರೆಗೆ. ರಾತ್ರಿ ಹತ್ತಕ್ಕೆ, ಪಾತ್ರೆಯಲ್ಲಿ ಮಿಕ್ಕಿದ್ದು ಎಷ್ಟಿದೆಯೋ ಅಷ್ಟು. ‘ಎಸೆದರೆ ಅನ್ನಕ್ಕೆ ಅವಮಾನ, ಇಟ್ಟರೆ ಬೆಳಿಗ್ಗೆ ಯಾರೂ ತಿನ್ನುವುದಿಲ್ಲ, ಅದಕ್ಕೆ ನಾನೇ ತಿನ್ನುತ್ತೇನೆ’ ಎಂದರು. ಅವರ ಹೊಟ್ಟೆ ಎಷ್ಟು ಉಣ್ಣಬೇಕೆಂಬುದನ್ನು ಅವರ ಹಸಿವು ತೀರ್ಮಾನಿಸುತ್ತಿರಲಿಲ್ಲ, ಪಾತ್ರೆಯ ತಳ ತೀರ್ಮಾನಿಸುತ್ತಿತ್ತು. ಅವತ್ತಿನಿಂದ ನಾನು ಆ ಉಪದೇಶ ಬಿಟ್ಟೆ.

ವಯಸ್ಸಿನ ಪಾಲೂ ಇದೆ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47. ಈಸ್ಟ್ರೋಜನ್ ಇಳಿದಾಗ ತೊಡೆ, ಸೊಂಟದ ಹಿಂಭಾಗದಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಗೆ ಸರಿಯುತ್ತದೆ. ಮಾಂಸಖಂಡ ಕರಗುತ್ತ ಬರುವುದರಿಂದ ಸುಮ್ಮನೆ ಕುಳಿತಾಗ ಖರ್ಚಾಗುವ ಶಕ್ತಿಯೂ ತಗ್ಗುತ್ತದೆ. ಇದು ಅಮ್ಮನಿಗೂ ಆಗಿತ್ತು, ಗದ್ದೆ ಅದನ್ನು ಸರಿದೂಗಿಸಿತ್ತು. ನೀವು ಒಬ್ಬರೇ ಅಲ್ಲ ಎನ್ನುವುದಕ್ಕೆ ಒಂದು ಅಂಕಿ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ಅತಿತೂಕದವರು 2015-16ರಲ್ಲಿ ನೂರಕ್ಕೆ 23ರಷ್ಟಿದ್ದರು, 2019-21ರ ಹೊತ್ತಿಗೆ 30 ಆದರು. ನಾಲ್ಕೈದು ವರ್ಷಗಳಲ್ಲಿ ಇಡೀ ರಾಜ್ಯದ ಹೆಂಗಸರ ಬಾಯಿಚಪಲ ಒಮ್ಮೆಲೇ ಹೆಚ್ಚಾಯಿತು ಎಂದು ಯಾರಾದರೂ ವಾದಿಸಿದರೆ ನಾನು ಒಪ್ಪುವುದಿಲ್ಲ.

ನಿಮ್ಮ ಮಟ್ಟಿಗೆ ನನ್ನ ಸಲಹೆ ಮೂರೇ. ಯಜಮಾನರಿಗೆ ಕಾಯದೆ ಮಧ್ಯಾಹ್ನ ಒಂದು ಗಂಟೆಯೊಳಗೆ ಊಟ ಮಾಡಿ. ರಾತ್ರಿ ಅಳೆದು ಅಕ್ಕಿ ಹಾಕಿ, ಮಿಕ್ಕಿದ್ದನ್ನು ನಾಯಿಗೆ ಹಾಕಲು ಸಂಕೋಚಪಡಬೇಡಿ. ಗದ್ದೆಯ ಒಂದು ಮೂಲೆಯಲ್ಲಿ, ಅಥವಾ ಹಿತ್ತಿಲಲ್ಲಿ, ಕಳೆನಾಶಕ ತಾಗದ ಹತ್ತಡಿ ಜಾಗದಲ್ಲಿ ಬಸಳೆ, ಹರಿವೆ, ಕೆಸ ಬೆಳೆಸಿ ಅನ್ನದಷ್ಟೇ ಪಲ್ಯ ಬಡಿಸಿಕೊಳ್ಳಿ. ಅಮ್ಮನ ಅನ್ನವನ್ನು ಬಿಡಿಸುವುದಕ್ಕಿಂತ ಅಮ್ಮನ ಸೊಪ್ಪನ್ನು ತಟ್ಟೆಗೆ ಮರಳಿ ತರುವುದು ಸುಲಭ.

ಪ್ರಶ್ನೆ: ಎರಡನೆಯ ಹೆರಿಗೆಯ ನಂತರ ಆಪರೇಷನ್ ಮಾಡಿಸಿಕೊಂಡೆ, ಅಲ್ಲಿಂದ ದಪ್ಪವಾಗುತ್ತಲೇ ಇದ್ದೇನೆ. ನಮ್ಮ ಊರಿನ ಎಲ್ಲ ಹೆಂಗಸರೂ ಇದೇ ಮಾತು ಹೇಳುತ್ತಾರೆ. ಆಪರೇಷನ್‌ನಿಂದ ಬೊಜ್ಜು ಬರುತ್ತದೆಯೇ?

ಉತ್ತರ: ಬರುವುದಿಲ್ಲ. ಆ ಶಸ್ತ್ರಚಿಕಿತ್ಸೆಯಲ್ಲಿ ಅಂಡನಾಳಗಳನ್ನು ಕಟ್ಟುತ್ತಾರೆ ಅಥವಾ ಕತ್ತರಿಸುತ್ತಾರೆ. ಹಾರ್ಮೋನು ತಯಾರಿಸುವ ಅಂಡಾಶಯವನ್ನು ಮುಟ್ಟುವುದಿಲ್ಲ. ಕರ್ನಾಟಕದಲ್ಲಿ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ಆಪರೇಷನ್ ಮಾಡಿಸಿಕೊಂಡವರೇ ಆಗಿರುವುದರಿಂದ, ದಪ್ಪಗಿರುವ ಯಾರನ್ನು ಕೇಳಿದರೂ ‘ಹೌದು, ನನಗೂ ಆಗಿದೆ’ ಎಂಬ ಉತ್ತರವೇ ಸಿಗುತ್ತದೆ. ತೆಳ್ಳಗಿರುವವರನ್ನು ಯಾರೂ ಕೇಳುವುದಿಲ್ಲ.

ಆದರೂ ಊರಿನ ಹೆಂಗಸರ ಅನುಭವವನ್ನು ನಾನು ತಳ್ಳಿಹಾಕುವುದಿಲ್ಲ, ಏಕೆಂದರೆ ತೂಕ ಏರಿದ್ದು ಆ ಸಮಯದಲ್ಲಿಯೇ. ಅದಕ್ಕೆ ಕಾರಣ ಬಾಣಂತನ. ನಲವತ್ತು ದಿನ ಕೋಣೆ, ಬಿಸಿನೀರು, ತುಪ್ಪ, ಕೋಳಿ, ಕೆಲವು ಮನೆಗಳಲ್ಲಿ ಮೇಲಿಂದ ಒಂದು ಗುಟುಕು ಬ್ರಾಂಡಿ. ಬಾಣಂತನ ಮುಗಿಸಿ ನೇರವಾಗಿ ಗದ್ದೆಗೆ ಇಳಿಯುತ್ತಿದ್ದವರಿಗೆ ಆ ಉಪಚಾರ ಜೀವ ಉಳಿಸುವಂಥದ್ದು; ಈಗ ಉಪಚಾರ ಉಳಿದಿದೆ, ಇಳಿಯಬೇಕಾದ ಗದ್ದೆ ಇಲ್ಲ. ಹೆರಿಗೆಗೆ ಏರಿದ ತೂಕದಲ್ಲಿ ಕೆಲವು ಕಿಲೋ ಹಾಗೆಯೇ ಉಳಿಯುತ್ತದೆ, ಮುಂದಿನ ಹೆರಿಗೆಗೆ ಅದೇ ಹೊಸ ತಳಹದಿ. ಮೇಲಾಗಿ ‘ಆಪರೇಷನ್ ಆದವಳು ಭಾರ ಎತ್ತಬಾರದು’ ಎಂಬ ಎಚ್ಚರಿಕೆ ಕೆಲವು ವಾರಗಳಿಗೆ ಹೇಳಿದ್ದು ಹಲವರ ಮನೆಯಲ್ಲಿ ಜೀವನಪೂರ್ತಿಯ ನಿಯಮವಾಗಿಬಿಟ್ಟಿದೆ. ನಿಮಗೆ ಆ ನಿರ್ಬಂಧ ಎಂದೋ ಮುಗಿದಿದೆ.

ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದಿದ್ದರೆ ಮಾತ್ರ ಬೇರೆ ಮಾತು. ಅಲ್ಲಿ ಮುಟ್ಟು ನಿಂತಾಗಿನ ಬದಲಾವಣೆಗಳೆಲ್ಲ ಒಮ್ಮೆಲೇ ಬರುತ್ತವೆ. ನಿಮ್ಮ ಹಳೆಯ ಡಿಸ್ಚಾರ್ಜ್ ಚೀಟಿಯಲ್ಲಿ ಏನು ಬರೆದಿದೆ ಎಂದು ಒಮ್ಮೆ ಯಾರಿಂದಲಾದರೂ ಓದಿಸಿಕೊಳ್ಳಿ. ಥೈರಾಯ್ಡ್ ಪರೀಕ್ಷೆ ಮಾಡಿಸುವುದಕ್ಕೆ ಅಡ್ಡಿಯಿಲ್ಲ, ಆದರೆ ಥೈರಾಯ್ಡ್ ಕುಗ್ಗುವುದರಿಂದ ಏರುವುದು ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲಿಯೂ ಹೆಚ್ಚಿನದು ನೀರು. ಇಪ್ಪತ್ತು ಕಿಲೋದ ಹೊಣೆಯನ್ನು ಅದರ ತಲೆಗೆ ಕಟ್ಟಲಾಗದು.

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ. ನಾವು ತೋಟದ ಕೂಲಿಯವರ ಲೈನ್‌ಮನೆಯಲ್ಲಿದ್ದೇವೆ. ಅಮ್ಮನಿಗೆ 43 ವರ್ಷ, ಹದಿನಾಲ್ಕನೇ ವಯಸ್ಸಿನಿಂದ ತೋಟದ ಕೆಲಸ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಆಸ್ಪತ್ರೆಯಲ್ಲಿ ಒಬ್ಬರು ‘ರಕ್ತ ಕಡಿಮೆ, ಚೆನ್ನಾಗಿ ತಿನ್ನಬೇಕು’ ಎಂದರು, ಇನ್ನೊಬ್ಬರು ‘ಬೊಜ್ಜು ಹೆಚ್ಚು, ಕಡಿಮೆ ತಿನ್ನಬೇಕು’ ಎಂದರು. ಎರಡೂ ಒಟ್ಟಿಗೆ ಹೇಗೆ ಸಾಧ್ಯ?

ಉತ್ತರ: ಈ ಸಲ ಬಂದ ಪ್ರಶ್ನೆಗಳಲ್ಲಿ ಅತ್ಯಂತ ಜಾಣ ಪ್ರಶ್ನೆ ನಿನ್ನದು. ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ, ಆದರೆ ಅರ್ಧರ್ಧ ಹೇಳಿದ್ದಾರೆ. ಅಕ್ಕಿಯಲ್ಲಿ ಶಕ್ತಿ ಬೇಕಾದಷ್ಟಿದೆ, ಕಬ್ಬಿಣಾಂಶ ಮತ್ತು ಪ್ರೋಟೀನು ಸಾಕಷ್ಟಿಲ್ಲ. ಹೊಟ್ಟೆ ಬರೀ ಅನ್ನ, ಸಾರಿನಿಂದ ತುಂಬಿದಾಗ ಕೊಬ್ಬು ಕೂಡುತ್ತದೆ, ರಕ್ತ ಕೂಡುವುದಿಲ್ಲ. ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ, ಅವರಲ್ಲಿ ದಪ್ಪಗಿರುವವರೂ ಇದ್ದಾರೆ. ರಕ್ತ ಕಡಿಮೆಯಾದಾಗ ನಾಲ್ಕು ಹೆಜ್ಜೆ ಏರು ಹತ್ತಿದರೆ ಏದುಸಿರು. ಆಗ ಮೈ ಕೆಲಸದಿಂದ ತಪ್ಪಿಸಿಕೊಳ್ಳುತ್ತದೆ. ತಪ್ಪಿಸಿಕೊಂಡಷ್ಟೂ ಹೊಟ್ಟೆ ಬೆಳೆಯುತ್ತದೆ.

ಪಡಿತರದ ಅಕ್ಕಿಯೇ ಕಾರಣ ಎಂದು ಹೇಳಲು ನನಗೆ ಮನಸ್ಸಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಮತ್ತು ಅದೇ ವರ್ಷದ ಅನ್ನಭಾಗ್ಯ ಬರುವ ಮೊದಲು ಜೂನ್, ಜುಲೈಗಳಲ್ಲಿ ಕೆಲಸವಿಲ್ಲದೆ ಲೈನ್‌ಮನೆಗಳ ಒಲೆ ಹೇಗೆ ಉರಿಯುತ್ತಿತ್ತು ಎಂಬುದನ್ನು ಕಂಡವರು ಆ ಮಾತಾಡಲಾರರು. ಆದರೆ ಅಕ್ಕಿ ಪುಕ್ಕಟೆ, ಬೇಳೆ ದುಬಾರಿ, ಮೊಟ್ಟೆ ಲೆಕ್ಕಕ್ಕೆ, ಹಣ್ಣು ಕನಸು ಎಂಬ ಅಂಗಡಿಯಲ್ಲಿ ಬಡವರ ಮೈ ಹೀಗೆಯೇ ರೂಪುಗೊಳ್ಳುತ್ತದೆ.

ಇನ್ನೊಂದು ಕಾರಣ ಅಮ್ಮ ಹುಟ್ಟುವ ಮೊದಲೇ ಆರಂಭವಾಗಿರಬಹುದು. ನಮ್ಮ ಪಕ್ಕದ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕವನ್ನು ಬರೆದಿಟ್ಟ ದಾಖಲೆಗಳಿವೆ. ಆ ಶಿಶುಗಳು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಸಂಗತಿ ಜಗತ್ತಿನ ಗಮನ ಸೆಳೆಯಿತು: ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡುಬಂತು. ಗರ್ಭದಲ್ಲಿ ಅರೆಹೊಟ್ಟೆಯಲ್ಲಿ ಬೆಳೆದ ಮಗುವಿನ ಮೈ ಮಾಂಸಖಂಡಕ್ಕೆ ಕತ್ತರಿ ಹಾಕಿ ಕೊಬ್ಬನ್ನು ಕೂಡಿಡಲು ಕಲಿಯುತ್ತದೆ, ಮುಂದೆ ಅನ್ನ ಸಿಕ್ಕಿದಾಗಲೂ ಆ ಅಭ್ಯಾಸ ಬಿಡುವುದಿಲ್ಲ ಎಂಬುದು ವೈದ್ಯರ ತಿಳಿವಳಿಕೆ. ನಿನ್ನ ಅಜ್ಜಿ ಬಸುರಿಯಾಗಿದ್ದಾಗ ಏನು ಉಂಡರು ಎಂದು ಅಮ್ಮನನ್ನು ಕೇಳಿ ನೋಡು.

ತೋಟದ ಕೆಲಸವಿದ್ದೂ ಹೀಗೇಕೆ ಎಂದೂ ನೀನು ಕೇಳಬಹುದು. ರೋಬಸ್ಟಾ ಕೊಯ್ಯುವ ಜನವರಿಯಿಂದ ಮಾರ್ಚ್‌ವರೆಗೆ ಅಮ್ಮ ಚೀಲ ಹೊರುತ್ತಾರೆ, ಬೆವರುತ್ತಾರೆ. ಉಳಿದ ತಿಂಗಳುಗಳಲ್ಲಿ? ಹೆಂಗಸರು ಸಾಲಿನಲ್ಲಿ ಕೂತು ಕತ್ತಿಯಿಂದ ಮಾಡುತ್ತಿದ್ದ ಕಳೆ ತೆಗೆಯುವ ಕೆಲಸವನ್ನು ಈಗ ಇಬ್ಬರು ಗಂಡಸರು ಯಂತ್ರ ಹಿಡಿದು ಮುಗಿಸುತ್ತಾರೆ, ಇಲ್ಲವೇ ಔಷಧಿ ಹೊಡೆಯುತ್ತಾರೆ. ನಡೆದು ಹೋಗುತ್ತಿದ್ದ ದಾರಿಗೆ ಜೀಪು ಬಂದಿದೆ. ಜೋರು ಮಳೆಯ ವಾರಗಳಲ್ಲಿ ಕೆಲಸವೇ ಇಲ್ಲ, ಒಂದೇ ಕೋಣೆ, ಒಂದು ಟಿವಿ. ತಟ್ಟೆಯ ಅನ್ನದ ಗುಡ್ಡ ಮಾತ್ರ ಮಾರ್ಚ್‌ನಲ್ಲಿದ್ದಷ್ಟೇ ಎತ್ತರ.

ಅಮ್ಮ ಕಡಿಮೆ ತಿನ್ನುವುದು ಬೇಡ, ಬೇರೆ ತಿನ್ನಲಿ. ಒಂದು ಹಿಡಿ ಅನ್ನ ತೆಗೆದು ಆ ಜಾಗದಲ್ಲಿ ಬೇಯಿಸಿದ ಹುರುಳಿ ಅಥವಾ ಅಲಸಂದೆ, ದಿನಕ್ಕೊಂದಾದರೂ ಮೊಟ್ಟೆ, ಪಡಿತರದಲ್ಲಿ ರಾಗಿ ಸಿಕ್ಕಿದರೆ ಮಾರದೆ ಮನೆಯಲ್ಲಿಟ್ಟುಕೊಳ್ಳಿ, ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲವಾದ್ದರಿಂದ ಒಂದು ಗಂಟೆ ಬಿಟ್ಟು ಕುಡಿಯಲಿ. ನಿಮ್ಮ ಆಶಾ ಕಾರ್ಯಕರ್ತೆ ಮೂವತ್ತು ದಾಟಿದವರಿಗೆಲ್ಲ ಒಂದು ನಮೂನೆ ತುಂಬಿಸುತ್ತಾರೆ. ಅದರಲ್ಲಿ ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಒಳಗಿದ್ದರೆ ಸೊನ್ನೆ ಅಂಕ, 90ರವರೆಗೆ ಒಂದು, ಅದರ ಮೇಲೆ ಎರಡು. ಅಮ್ಮನಂಥ ಸಣ್ಣ ಮೈಕಟ್ಟಿನವರಿಗೆ ತೂಕದ ಯಂತ್ರಕ್ಕಿಂತ ಈ ಟೇಪು ಹೆಚ್ಚು ನಿಜ ಹೇಳುತ್ತದೆ. ಕಡೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ, ನೀನೇ ಅಳೆಯಬಹುದು. ಸಕ್ಕರೆ ಮತ್ತು ಬಿಪಿ ಪರೀಕ್ಷೆಯನ್ನು ಅದೇ ದಿನ ಮಾಡಿಸು.

ಈ ಪತ್ರಿಕೆಯನ್ನು ಓದುವ ತೋಟದ ಮಾಲೀಕರಿಗೂ ಒಂದು ಮಾತು: ಹತ್ತು ಗಂಟೆಯ ಚಹಾಕ್ಕೆ ಬನ್ ಬದಲು ಬೇಯಿಸಿದ ಕಡಲೆ ಕೊಟ್ಟರೆ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಾಗದು.

ಪ್ರಶ್ನೆ: ‘ಬೆಳಿಗ್ಗೆ ಬೇಗ ಎದ್ದು ನಡೆಯಿರಿ’ ಎಂದು ಎಲ್ಲ ಪತ್ರಿಕೆಗಳೂ ಬರೆಯುತ್ತವೆ. ಸಿದ್ದಾಪುರದ ಕಡೆಯ ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆ ನಡೆದರೆ ಆನೆ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಜಿಗಣೆ. ಸಂಜೆ ನಡೆದರೆ ‘ಮಾಡಲು ಕೆಲಸವಿಲ್ಲವೇ’ ಎನ್ನುವವರು. ಇಂಥ ಊರಿನಲ್ಲಿ ವ್ಯಾಯಾಮ ಹೇಗೆ?

ಉತ್ತರ: ಬೆಂಗಳೂರಿನ ಉದ್ಯಾನದಲ್ಲಿ ಕೂತು ಬರೆದ ಸಲಹೆಯನ್ನು ಸಿದ್ದಾಪುರದ ರಸ್ತೆಗೆ ಅನ್ವಯಿಸಲಾಗದು. ನಸುಕಿನಲ್ಲಿ ಮತ್ತು ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಖಂಡಿತ ನಡೆಯಬೇಡಿ; ಬೊಜ್ಜು ನಿಧಾನವಾಗಿ ಕೊಲ್ಲುತ್ತದೆ, ಆನೆ ಕಾಯುವುದಿಲ್ಲ.

ನಿಮ್ಮ ಮನೆಯ ಮುಂದೆ ಕಾಫಿ ಒಣಗಿಸುವ ಕಣ ಇದೆಯೇ? ಇಪ್ಪತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಕಣವನ್ನು ಒಂದು ಸುತ್ತು ಹಾಕಿದರೆ 60 ಮೀಟರ್; ಹದಿನೇಳು ಸುತ್ತಿಗೆ ಒಂದು ಕಿಲೋಮೀಟರ್. ಬೆಳಕು ಸರಿಯಾಗಿ ಬಿದ್ದ ಮೇಲೆ, ಕೆಲಸದವರು ಬರುವ ಮುಂಚೆ ಅರ್ಧ ಗಂಟೆ. ಕಾಫಿ ಹರಡಿದ ತಿಂಗಳುಗಳಲ್ಲಿ ಕಾಲಿಗೆ ಜಾಗವಿರುವುದಿಲ್ಲ, ಆದರೆ ಆಗ ಹರಗುವ ಹಲಗೆಯನ್ನು ಆಳಿನ ಕೈಯಿಂದ ನೀವೇ ತೆಗೆದುಕೊಳ್ಳಿ. ಗಂಟೆಗೊಮ್ಮೆ ಕಾಫಿ ಹರಗುವುದು ಯಾವ ಜಿಮ್‌ಗೂ ಕಡಿಮೆಯಲ್ಲ. ಮಳೆಗಾಲಕ್ಕೆ ಜಗಲಿ ಮತ್ತು ಮೆಟ್ಟಿಲು. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ಎರಡು ಕೈಗಳಲ್ಲಿ ಎರಡೆರಡು ಲೀಟರ್ ನೀರಿನ ಬಾಟಲಿ ಹಿಡಿದು ಎತ್ತುವುದು. ವಾರಕ್ಕೆ 150 ನಿಮಿಷ ನಡಿಗೆಯಷ್ಟೇ ಮುಖ್ಯವಾಗಿ ವಾರಕ್ಕೆ ಎರಡು ದಿನ ಮಾಂಸಖಂಡಕ್ಕೆ ಭಾರ ಬೀಳಬೇಕು. ಈ ವಯಸ್ಸಿನಲ್ಲಿ ಎಲ್ಲರೂ ಮರೆಯುವುದು ಎರಡನೆಯದನ್ನೇ.

‘ಕೆಲಸವಿಲ್ಲವೇ’ ಎನ್ನುವವರ ವಿಚಾರ ಆನೆಯಷ್ಟೇ ದೊಡ್ಡದು. ನಮ್ಮ ಜಿಲ್ಲೆಗೆ ಆಟ ಹೊಸದೇನಲ್ಲ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ ಸಾವಿರಾರು ಜನ ಸೇರುತ್ತಾರೆ. ಆದರೆ ಊರಿನ ಮೈದಾನ ವರ್ಷದ ಉಳಿದ ದಿನಗಳಲ್ಲಿ ಯಾರದು ಎಂದು ನೋಡಿ: ಹುಡುಗರದು. ಮದುವೆಯಾದ ಹೆಂಗಸು ಸಂಜೆ ಮೈದಾನದಲ್ಲಿ ಸುತ್ತು ಹಾಕಿದರೆ ಅದೊಂದು ಸುದ್ದಿ. ಒಬ್ಬರಾದರೆ ಸುದ್ದಿ, ಎಂಟು ಜನರಾದರೆ ಸಂಘ ಎಂಬುದು ನಾನು ಕಂಡ ಸತ್ಯ. ನಿಮ್ಮ ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಸಹಿ ಹಾಕಿ, ಚಹಾ ಕುಡಿದು ಏಳುವ ಬದಲು ಅರ್ಧ ಗಂಟೆ ಉಮ್ಮತ್ತಾಟ್ ಅಭ್ಯಾಸ ಮಾಡಿ. ತಾಳ ಹಿಡಿದು ಬಗ್ಗಿ ಏಳುವ ಆ ಕುಣಿತದಲ್ಲಿ ಸೊಂಟ, ಮಂಡಿ, ಉಸಿರು ಎಲ್ಲಕ್ಕೂ ಕೆಲಸವಿದೆ, ಮೇಲಾಗಿ ಯಾರೂ ಬೆರಳು ತೋರಿಸುವಂತಿಲ್ಲ. ಶಾಲೆ ಬಿಟ್ಟ ಮೇಲೆ ಅಲ್ಲಿನ ಸಭಾಂಗಣವನ್ನೋ ಸಮುದಾಯ ಭವನವನ್ನೋ ಮಳೆಗಾಲದಲ್ಲಿ ಹೆಂಗಸರಿಗೆ ಬಿಟ್ಟುಕೊಡುವಂತೆ ಗ್ರಾಮಸಭೆಯಲ್ಲಿ ಲಿಖಿತವಾಗಿ ಕೇಳಿ. ರಸ್ತೆ, ಚರಂಡಿಗಳ ಅರ್ಜಿಗಳ ನಡುವೆ ಇಂಥದೊಂದು ಅರ್ಜಿ ಬಂದರೆ ಮೊದಲು ನಗುತ್ತಾರೆ. ನಗಲಿ.

ಪ್ರಶ್ನೆ: ಕಾಚಂಪುಳಿ (ಹುಳಿ ಹಣ್ಣಿನಿಂದ ಕಾಸಿದ ಕಪ್ಪು ರಸ) ಕುಡಿದರೆ ಕೊಬ್ಬು ಕರಗುತ್ತದೆ ಎಂದು ಮೊಬೈಲ್‌ನಲ್ಲಿ ನೋಡಿದೆ. ಅದೇ ಹಣ್ಣಿನ ಮಾತ್ರೆಗಳೂ ಸಿಗುತ್ತವಂತೆ. ತೆಗೆದುಕೊಳ್ಳಬಹುದೇ?

ಉತ್ತರ: ಕಾಚಂಪುಳಿಯನ್ನು ಹಂದಿ ಮಾಂಸಕ್ಕೆ ಹಾಕಿ, ಹೊಟ್ಟೆಯ ಕೊಬ್ಬಿಗೆ ಬೇಡ. ಆ ಹಣ್ಣಿನಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲದ ಹೆಸರಿನಲ್ಲಿ ಜಗತ್ತಿನಾದ್ಯಂತ ವ್ಯಾಪಾರ ನಡೆದಿದೆ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ ಹನ್ನೆರಡು ವಾರ ನಡೆಸಿದ ಪರೀಕ್ಷೆಯಲ್ಲಿ ಆ ಮಾತ್ರೆಗೂ ಸುಳ್ಳು ಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಇಂಥ ಮಾತ್ರೆ ನುಂಗಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ಅಡುಗೆಯ ಒಂದೆರಡು ಚಮಚದಿಂದ ತೊಂದರೆಯಿಲ್ಲ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಸೋಮವಾರಪೇಟೆ ತಾಲ್ಲೂಕಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ವಯಸ್ಸು 54, ತೂಕ 82 ಕಿಲೋ, ಮಂಡಿನೋವು. ಫೋನಿನಲ್ಲಿ ಎಷ್ಟು ಹೇಳಿದರೂ ಕೇಳುವುದಿಲ್ಲ, ಜಗಳವಾಗುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಫೋನಿನಲ್ಲಿ ತೂಕ ಕೇಳುವುದನ್ನು ನಿಲ್ಲಿಸಿ. ಮಗ ವಾರಕ್ಕೊಮ್ಮೆ ಮಾತನಾಡುವ ಹತ್ತು ನಿಮಿಷದಲ್ಲಿ ಐದು ನಿಮಿಷ ಬೈಗುಳವಾದರೆ, ಫೋನಿಟ್ಟ ಮೇಲೆ ಆ ತಾಯಿ ಮಾಡುವ ಮೊದಲ ಕೆಲಸ ಚಹಾ ಇಡುವುದು.

ಒಬ್ಬರೇ ಇರುವ ಹೆಂಗಸಿನ ಅಡುಗೆಮನೆ ಹೇಗಿರುತ್ತದೆ ಎಂದು ನಿಮಗೆ ಗೊತ್ತಿರಲಾರದು. ಜೀವನವಿಡೀ ಬೇರೆಯವರ ಹಸಿವಿಗೆ ಅಡುಗೆ ಮಾಡಿದವರಿಗೆ ತಮ್ಮೊಬ್ಬರಿಗಾಗಿ ಪಲ್ಯ ಮಾಡಲು ಕೈ ಬರುವುದಿಲ್ಲ. ಬೆಳಿಗ್ಗೆ ಮಾಡಿದ ಅನ್ನ ರಾತ್ರಿಗೂ ಆಗುತ್ತದೆ; ನಡುವೆ ರಸ್ಕ್, ಬಿಸ್ಕತ್ತು. ಸಂಜೆ ಆರಕ್ಕೆ ಬಾಗಿಲು ಹಾಕಿದರೆ ಹತ್ತರವರೆಗೆ ಧಾರಾವಾಹಿ. ಕಥೆಗಿಂತ ಮನೆಯಲ್ಲಿ ಇನ್ನೊಂದು ದನಿ ಕೇಳಿಸುತ್ತದೆ ಎಂಬ ಸಮಾಧಾನಕ್ಕೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ನಮ್ಮಲ್ಲಿ ಹಲವರಿಗೆ ಮಳೆಯ ರಾತ್ರಿಗಳಲ್ಲಿ ಸರಿಯಾಗಿ ನಿದ್ರೆ ಬರುವುದಿಲ್ಲ. ನಿದ್ರೆಗೆಟ್ಟ ಮೈ ಮರುದಿನ ಸಿಹಿಯನ್ನೇ ಕೇಳುತ್ತದೆ. ನಿಮ್ಮ ತಾಯಿ ರಾತ್ರಿ ಎಷ್ಟು ಹೊತ್ತು ಮಲಗುತ್ತಾರೆ ಎಂದು ಕೇಳಿದ್ದೀರಾ?

ಬಟ್ಟೆಯ ಸಂಗತಿಯೂ ಒಂದಿದೆ, ನಗಬೇಡಿ. ಮೊದಲು ರವಿಕೆ ಬಿಗಿಯಾದರೆ ಅದೇ ಸೂಚನೆ. ಟೈಲರ್ ಒಳಗಿನ ಹೊಲಿಗೆ ಬಿಚ್ಚಿಕೊಡುವಾಗ ‘ಮೈ ತುಂಬಿಕೊಂಡಿದ್ದೀರಿ’ ಎನ್ನುತ್ತಿದ್ದ. ಈಗ ಹಗಲಿಡೀ ನೈಟಿ. ಅದು ಯಾರನ್ನೂ ಎಚ್ಚರಿಸುವುದಿಲ್ಲ. ನಿಮ್ಮ ತಾಯಿಗೆ ಯಾವುದೋ ಮದುವೆ ಮನೆಯ ದಿನ ಹಳೆಯ ರವಿಕೆಗೆ ಕೈ ತೂರಿಸುವಾಗಲೇ ಹತ್ತು ಕಿಲೋದ ಸುದ್ದಿ ತಿಳಿದಿರುತ್ತದೆ, ಆಮೇಲೆ ಅವರು ಮದುವೆಗೂ ಹೋಗುವುದನ್ನು ಬಿಟ್ಟಿರಬಹುದು.

ಅವರ ಮಂಡಿನೋವನ್ನು ಮೊದಲು ನೋಡಿಸಿ, ತೂಕದ ಮಾತು ಆಮೇಲೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋದಷ್ಟು ತಗ್ಗುತ್ತದೆ. ಹೀಗಾಗಿ 82ರಿಂದ 78ಕ್ಕೆ ಬಂದರೂ ಅವರಿಗೆ ಅದು ದೊಡ್ಡ ಬಿಡುಗಡೆ, 60ರ ಮಾತೇ ಬೇಡ. ನೋವು ಸ್ವಲ್ಪ ಕಡಿಮೆಯಾದರೆ ಅವರೇ ನೆರೆಮನೆಯವರೆಗೆ ನಡೆಯುತ್ತಾರೆ, ಮಾತಿಗೆ ಜನ ಸಿಕ್ಕಿದರೆ ಟಿವಿಯ ಸಮಯ ತಾನಾಗಿ ಇಳಿಯುತ್ತದೆ. ನೀವು ಊರಿಗೆ ಬಂದ ದಿನ ಅವರ ಜೊತೆ ಕೂತು ಊಟ ಮಾಡಿ, ಮುಂಚೆಯೂ ಅಲ್ಲ ನಂತರವೂ ಅಲ್ಲ. ಪಲ್ಯವನ್ನು ನೀವೇ ಮಾಡಿ.

ಬರುವಾಗ ಬೆಂಗಳೂರಿನಿಂದ ಸ್ವೀಟ್ ಡಬ್ಬಿ ತರುವ ಅಭ್ಯಾಸವಿದ್ದರೆ ಆ ಹಣಕ್ಕೆ ಜಾರದ ಅಡಿಯಿರುವ ಒಂದು ಜೊತೆ ಬೂಟು ತನ್ನಿ. ಒದ್ದೆ ಅಂಗಳದಲ್ಲಿ ಹವಾಯಿ ಚಪ್ಪಲಿ ಹಾಕಿ ನಡೆಯಲು ಮಂಡಿನೋವಿನವರು ಹೆದರುತ್ತಾರೆ, ಹೆದರಿಕೆಗೆ ಕಾರಣವೂ ಇದೆ. ಅಳತೆ ಗೊತ್ತಿಲ್ಲದಿದ್ದರೆ ಈ ಸಲ ಹೋದಾಗ ಅವರ ಪಾದವನ್ನು ಹಳೆಯ ಪೇಪರಿನ ಮೇಲೆ ಇಡಿಸಿ ಪೆನ್ಸಿಲ್‌ನಿಂದ ಸುತ್ತ ಗೆರೆ ಎಳೆದುಕೊಳ್ಳಿ. ಸಂಜೆ ಹೊತ್ತು ಎಳೆಯಿರಿ. ಬೆಳಗಿನ ಪಾದಕ್ಕಿಂತ ಸಂಜೆಯ ಪಾದ ಸ್ವಲ್ಪ ಊದಿರುತ್ತದೆ.